ವಿಲೀನ ಮತ್ತು ವಿರೋಧ: ಬೆಂಗಳೂರಿನ ಸ್ಥಳೀಯ ಸಂಸ್ಥೆಗಳ ಗಡಿ ಇತಿಹಾಸ (1862–2025)

ಸ್ಥಳೀಯ ಸ್ವಯಮಾಡಳಿತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಂಸ್ಥೆಗಳ ಹುಟ್ಟನ್ನು ದಾಖಲಿಸುತ್ತಾರೆ. ಯಾವ ವರ್ಷ ಪುರಸಭೆ ಸ್ಥಾಪನೆಯಾಯಿತು, ಯಾವಾಗ ಚುನಾಯಿತ ಸದಸ್ಯರು ಬಂದರು, ಯಾರು ಮೊದಲ ಅಧ್ಯಕ್ಷರಾದರು ಎಂಬ ವಿವರಗಳು ಗ್ಯಾಸೆಟಿಯರುಗಳಲ್ಲಿ ಹೇರಳವಾಗಿವೆ. ಆದರೆ ಈ ಸಂಸ್ಥೆಗಳು ಹೇಗೆ ಇಲ್ಲವಾದವು ಎಂಬ ಪ್ರಶ್ನೆಗೆ ಅಷ್ಟೇ ಗಮನ ದೊರೆತಿಲ್ಲ. ಒಂದು ಪುರಸಭೆ ಅಥವಾ ಗ್ರಾಮ ಪಂಚಾಯಿತಿ ನೆರೆಯ ದೊಡ್ಡ ನಗರದಲ್ಲಿ ವಿಲೀನಗೊಂಡಾಗ ಅದರ ನಡಾವಳಿ ಪುಸ್ತಕಗಳು ಮುಚ್ಚುತ್ತವೆ, ಕಂದಾಯದ ವಹಿಗಳು ಬೇರೆ ಕಚೇರಿಗೆ ಹೋಗುತ್ತವೆ, ಮತ್ತು ವಿಲೀನವನ್ನು ವಿರೋಧಿಸಿದವರ ಮಾತು ಸರಕಾರದ ಕಡತದಲ್ಲಿ ‘ಸ್ವೀಕೃತವಾದ ಆಕ್ಷೇಪಣೆಗಳು’ ಎಂಬ ಒಂದು ಸಾಲಾಗಿ ಉಳಿಯುತ್ತದೆ. ಕರ್ನಾಟಕದಲ್ಲಿ ಇಂಥ ವಿಲೀನಗಳು ಪದೇ ಪದೇ ನಡೆದಿವೆ; ವಿರೋಧವೂ ನಡೆದಿದೆ. ಆದರೆ ಫಲಿತಾಂಶವನ್ನು ನಿರ್ಧರಿಸಿದ್ದು ಬಹುತೇಕ ವಾದದ ಬಲವಲ್ಲ. ವಿಲೀನದ ಅಧಿಸೂಚನೆ ಹೊರಡುವ ಹೊತ್ತಿಗೆ ಅದನ್ನು ಎದುರಿಸಬಲ್ಲ ಚುನಾಯಿತ ಸಭೆ ಇತ್ತೇ, ಇದ್ದರೆ ಅದರ ಮಾತಿಗೆ ಕಾನೂನಿನಲ್ಲಿ ಯಾವ ಸ್ಥಾನವಿತ್ತು ಎಂಬ ಎರಡು ಸಂಗತಿಗಳೇ ಅದನ್ನು ನಿರ್ಧರಿಸಿದವು ಎಂಬುದನ್ನು ಬೆಂಗಳೂರಿನ ಇತಿಹಾಸ ಸ್ಪಷ್ಟಪಡಿಸುತ್ತದೆ.

1862ರ ಮಾರ್ಚ್ 27ರಂದು, 1850ರ ಪಟ್ಟಣ ಸುಧಾರಣಾ ಕಾಯಿದೆಯ ಅಡಿಯಲ್ಲಿ, ಬೆಂಗಳೂರು ಪೇಟೆಗೆ ಒಂಬತ್ತು ಮಂದಿ ಪ್ರಮುಖರ ಪುರಸಭಾ ಮಂಡಳಿ ರಚಿತವಾಯಿತು. ಅದೇ ಮಾದರಿಯಲ್ಲಿ ದಂಡಿಗೂ ಒಂದು ಮಂಡಳಿ ಬಂತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದಾಗ ಪೇಟೆ ಮೈಸೂರು ಸರಕಾರಕ್ಕೆ ಸೇರಿತು. ದಂಡು ಮಾತ್ರ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲೇ ಉಳಿಯಿತು. ಸುಮಾರು ಹದಿಮೂರೂವರೆ ಚದರ ಮೈಲಿಯ ಆ ಪ್ರದೇಶದ ಮೇಲೆ ಮಹಾರಾಜರು ತಮ್ಮ ಆಡಳಿತಾಧಿಕಾರವನ್ನು ಬಿಟ್ಟುಕೊಟ್ಟಿದ್ದರು. ಹೀಗೆ ಒಂದೇ ಊರಿನೊಳಗೆ ಎರಡು ಪುರಸಭೆಗಳು, ಎರಡು ಬಗೆಯ ತೆರಿಗೆ, ಎರಡು ಪೋಲೀಸು, ಎರಡು ನ್ಯಾಯಾಲಯ ವ್ಯವಸ್ಥೆಗಳು ನೆಲೆಗೊಂಡವು. ಕಬ್ಬನ್ ಉದ್ಯಾನ ಇವೆರಡರ ನಡುವಣ ಹಸಿರು ಗಡಿಯಾಯಿತು. ಪೇಟೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯಾದರೆ ದಂಡಿಗೆ ರಸೆಲ್ ಮಾರುಕಟ್ಟೆ. 1920ರ ದಶಕದ ಕೊನೆಯಲ್ಲಿ ಹೆಚ್ಚುಕಡಮೆ ಜೊತೆಜೊತೆಯಾಗಿಯೇ ಎದ್ದ ಈ ಎರಡು ಕಟ್ಟಡಗಳು ಎರಡು ಪುರಸಭೆಗಳ ಪೈಪೋಟಿಯ ಸ್ಮಾರಕಗಳಂತೆ ಇಂದಿಗೂ ನಿಂತಿವೆ.

ದಂಡನ್ನು ಪೇಟೆಯ ಬಾಲದಂತೆ ಕಾಣುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಜನಗಣತಿಯ ಅಂಕಿಗಳು ಬೇರೆಯೇ ಚಿತ್ರ ಕೊಡುತ್ತವೆ. 1901ರಲ್ಲಿ ಪೇಟೆಯ ಜನಸಂಖ್ಯೆ 69,447 ಇದ್ದರೆ ದಂಡಿನದು 89,599. ಅಂದರೆ ಶತಮಾನದ ಆರಂಭದಲ್ಲಿ ದಂಡೇ ದೊಡ್ಡ ಊರು. 1921ರಲ್ಲಿ ಎರಡೂ ಸರಿಸಮ: ಪೇಟೆ 1,18,556, ದಂಡು 1,18,940. ಆಮೇಲಿನ ಎರಡು ದಶಕಗಳಲ್ಲಿ ತಕ್ಕಡಿ ತಿರುಗಿತು. 1941ರ ಗಣತಿಯಲ್ಲಿ ಪೇಟೆ 2,48,334ಕ್ಕೆ ಏರಿತ್ತು. ದಂಡು 1,58,426ರಲ್ಲಿ ನಿಂತಿತ್ತು. ಗಿರಣಿಗಳು, ಸಂಸ್ಥಾನದ ಕಾರ್ಖಾನೆಗಳು, ಕಚೇರಿಗಳು, ಹೊಸ ಬಡಾವಣೆಗಳು ಪೇಟೆಯ ಕಡೆಗೆ ಜನರನ್ನು ಸೆಳೆದವು. ದಂಡಿನವರ ವಿರೋಧದ ಸ್ವರ ತೀವ್ರವಾದದ್ದು ಅವರು ಸಂಖ್ಯೆಯಲ್ಲಿ ಹಿಂದೆ ಬೀಳುತ್ತಿದ್ದ ಈ ಕಾಲದಲ್ಲಿಯೇ ಎಂಬುದು ಗಮನಾರ್ಹ.

1930ರ ದಶಕದಲ್ಲಿ ಭಾರತ ಒಕ್ಕೂಟದ ಮಾತುಕತೆಗಳ ಜೊತೆಗೆ ದಂಡನ್ನು ಮೈಸೂರಿಗೆ ಹಿಂತಿರುಗಿಸುವ ಪ್ರಸ್ತಾಪವೂ ಮೇಲೆದ್ದಿತು. ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯ ಮೈಸೂರು ಸರಕಾರಕ್ಕೆ ಅದು ಸಂಸ್ಥಾನದ ಮಾನದ ಪ್ರಶ್ನೆ, ಆದಾಯದ ಪ್ರಶ್ನೆಯೂ ಹೌದು. ದಂಡಿನ ನಿವಾಸಿಗಳಲ್ಲಿ ಅನೇಕರು ಇದನ್ನು ವಿರೋಧಿಸಿ ಮನವಿಗಳನ್ನು ಸಲ್ಲಿಸಿದರು. ವಿಷಯ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಈ ವಿರೋಧವನ್ನು ಯೂರೋಪಿಯನ್ನರ ಸೊಕ್ಕು ಎಂದಷ್ಟೇ ಬಗೆಯುವ ವಾಡಿಕೆ ಕೆಲವು ಬರಹಗಳಲ್ಲಿದೆ. ಅದು ಅರ್ಧಸತ್ಯ. ದಂಡಿನ ಬಹುಸಂಖ್ಯಾತರು ತಮಿಳು, ಉರ್ದು, ತೆಲುಗು ಮಾತಾಡುವ ವ್ಯಾಪಾರಿಗಳು, ಗುತ್ತಿಗೆದಾರರು, ಕುಶಲಕರ್ಮಿಗಳು, ಕೂಲಿಗಳು. ತಲೆಮಾರುಗಳಿಂದ ಸೈನ್ಯದ ಪೂರೈಕೆಯನ್ನು ನಂಬಿ ಬದುಕಿದವರಿಗೆ ಹೊಸ ಸರಕಾರದ ತೆರಿಗೆ ಏನಾಗುವುದು, ಕಚೇರಿಯ ಭಾಷೆ ಯಾವುದಾಗುವುದು, ಉದ್ಯೋಗದಲ್ಲಿ ತಮಗೆ ಪಾಲೆಷ್ಟು ಎಂಬ ಆತಂಕ ಸಹಜವಾಗಿತ್ತು. ಮೈಸೂರಿನ ಪ್ರಜೆಗಳಿಗೆ ಪ್ರಜಾಪ್ರತಿನಿಧಿ ಸಭೆಯಿತ್ತು. ದಂಡಿನವರಿಗೆ ಪುರಸಭೆಯ ಹೊರತು ಬೇರೆ ವೇದಿಕೆ ಇರಲಿಲ್ಲ.

ಆದರೆ ಈ ಪ್ರತ್ಯೇಕತೆಗೆ ನೆಲದ ಆಸರೆ ಸಡಿಲವಾಗಿತ್ತು. ದಂಡಿಗೆ ವಿದ್ಯುತ್ತು ಬರುತ್ತಿದ್ದುದು ಮೈಸೂರು ಸರಕಾರದ ಶಿವನಸಮುದ್ರದಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾದ ಮೇಲೆ ಇಡೀ ಊರಿನ ಕುಡಿಯುವ ನೀರಿಗೆ ಸಂಸ್ಥಾನದ ನೆಲದ ಅರ್ಕಾವತಿಯೇ ಗತಿ. ನೀರು, ದೀಪ ಎರಡಕ್ಕೂ ನೆರೆಯವನ ಬಾಗಿಲಿಗೆ ಹೋಗಬೇಕಾದವನು ಗೋಡೆಯನ್ನು ಎಷ್ಟು ಎತ್ತರ ಕಟ್ಟಿದರೂ ಅದು ಬಹುಕಾಲ ನಿಲ್ಲುವುದಿಲ್ಲ. 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರಗಳಿಗೂ ಕಡಿಮೆ ಕಾಲ ಉಳಿದಿರುವಾಗ, ದಂಡು ಮೈಸೂರಿಗೆ ಮರಳಿತು. 1949ರ ಡಿಸೆಂಬರಿನಲ್ಲಿ, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲದ ಕಾಲದಲ್ಲಿ, ಬೆಂಗಳೂರು ನಗರ ಕಾರ್ಪೊರೇಷನ್ ಕಾಯಿದೆ ಜಾರಿಗೆ ಬಂದು ಎರಡೂ ಪುರಸಭೆಗಳು ಕೊನೆಗೊಂಡವು. ಹೊಸ ಕಾರ್ಪೊರೇಷನ್ನಿಗೆ 50 ವಿಭಾಗಗಳಿಂದ 70 ಮಂದಿ ಚುನಾಯಿತ ಸದಸ್ಯರು. ಮೇಯರ್ ಪದವಿ ಮೊದಲ ಬಾರಿಗೆ ಬಂತು. ಮೊದಲ ಚುನಾವಣೆ 1950ರಲ್ಲೇ ನಡೆಯಿತು. ವಿಲೀನಕ್ಕೂ ಚುನಾವಣೆಗೂ ನಡುವೆ ಹೆಚ್ಚು ಕಾಲ ಹೋಗಲಿಲ್ಲ ಎಂಬ ಈ ಸಂಗತಿ ಮುಂದಿನ ಚರಿತ್ರೆಯೊಡನೆ ಹೋಲಿಸಿ ನೋಡತಕ್ಕದ್ದು. ಹಳೆಯ ಪುರಸಭೆಗಳನ್ನು ಕಳೆದುಕೊಂಡ ಎರಡೂ ಕಡೆಯ ಜನರಿಗೆ ಹೊಸ ಸಭೆಯಲ್ಲಿ ಕೂಡಲೇ ಸ್ಥಾನ ಸಿಕ್ಕಿತು. ದಂಡಿನ ಭಾಷೆಯ ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಮುಂದಿನ ಎರಡು ದಶಕಗಳ ಕನ್ನಡ ಚಳವಳಿಗೆ ಅದೂ ಒಂದು ಕಾರಣವಾಯಿತು.

ರಾಜ್ಯ ಏಕೀಕರಣಗೊಂಡು ಆರು ವರ್ಷಗಳಾಗುವ ಹೊತ್ತಿಗೆ ಉತ್ತರದಲ್ಲಿ ಇನ್ನೊಂದು ಜೋಡಣೆ ನಡೆಯಿತು. 1850ರ ದಶಕದಲ್ಲಿಯೇ ಪುರಸಭೆಗಳನ್ನು ಪಡೆದಿದ್ದ ಹುಬ್ಬಳ್ಳಿ ಮತ್ತು ಧಾರವಾಡ, ಇಪ್ಪತ್ತು ಕಿಲೋಮೀಟರಿನ ಅಂತರವಿದ್ದರೂ, 1962ರಲ್ಲಿ ಒಂದೇ ಮಹಾನಗರ ಪಾಲಿಕೆಯಾದವು. ಒಂದು ರೈಲ್ವೆ ಮತ್ತು ಹತ್ತಿಯ ವ್ಯಾಪಾರದ ಊರು, ಇನ್ನೊಂದು ಕಾಲೇಜು, ಕಚೇರಿ, ಸಾಹಿತ್ಯದ ಊರು. ಪಾಲಿಕೆಯ ಹೆಸರಿನಲ್ಲಿ ಎರಡೂ ಉಳಿದವು. ಆದರೆ ಪಾಲಿಕೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ; 2021ರ ಚುನಾವಣೆಯ 82 ವಾರ್ಡುಗಳಲ್ಲಿ ಧಾರವಾಡದ ಪಾಲು 26. ಅನುದಾನ ಹಂಚಿಕೆಯಲ್ಲಿ ತಮಗೆ ಸದಾ ಕಡಿಮೆ ಎಂಬ ಧಾರವಾಡದ ದೂರು ಎಷ್ಟು ಹಳೆಯದೋ ಪ್ರತ್ಯೇಕ ಪಾಲಿಕೆಯ ಬೇಡಿಕೆಯೂ ಬಲ್ಲವರಿಗೆ ಅಷ್ಟೇ ಪರಿಚಿತ. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಯನ್ನು ರಚಿಸಲು ಒಪ್ಪಿಗೆ ನೀಡಿತು. ಅರುವತ್ತೆರಡು ವರ್ಷಗಳ ಸಹವಾಸವೂ ಒಂದು ಊರಿನ ಪುರಸಭೆಯ ನೆನಪನ್ನು ಅಳಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಈ ಎರಡು ಘಟ್ಟಗಳಲ್ಲೂ ವಿಲೀನದ ಅಧಿಕಾರ ಸಂಪೂರ್ಣವಾಗಿ ಸರಕಾರದ್ದು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಪುರಸಭೆಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟಿತಾದರೂ ಗಡಿಯ ವಿಷಯದಲ್ಲಿ ಪರಿಸ್ಥಿತಿಯನ್ನು ಬದಲಿಸಲಿಲ್ಲ. 243ಕ್ಯೂ ಅನುಚ್ಛೇದದ ಪ್ರಕಾರ ಯಾವುದು ಪರಿವರ್ತನೆಯ ಹಂತದ ಪ್ರದೇಶ, ಯಾವುದು ಸಣ್ಣ ನಗರ, ಯಾವುದು ದೊಡ್ಡ ನಗರ ಎಂದು ಅಧಿಸೂಚನೆಯ ಮೂಲಕ ನಿರ್ಧರಿಸುವವರು ರಾಜ್ಯಪಾಲರು. ಎಂದರೆ ರಾಜ್ಯ ಸರಕಾರ. ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆದಾಯ, ಕೃಷಿಯೇತರ ಉದ್ಯೋಗದ ಪ್ರಮಾಣ, ಆರ್ಥಿಕ ಮಹತ್ವ ಇವು ಅಳತೆಗೋಲುಗಳು. 1964ರ ಕರ್ನಾಟಕ ಪುರಸಭೆಗಳ ಕಾಯಿದೆಯೂ 1976ರ ಮಹಾನಗರ ಪಾಲಿಕೆಗಳ ಕಾಯಿದೆಯೂ ಈ ಅಳತೆಗಳನ್ನು ಅಂಕಿಗಳಲ್ಲಿ ಹೇಳುತ್ತವೆ. ದೊಡ್ಡ ನಗರವೆನಿಸಲು ಮೂರು ಲಕ್ಷ ಜನಸಂಖ್ಯೆ ಬೇಕು. ವಿಲೀನಗೊಳ್ಳುವ ಸಂಸ್ಥೆಯ ಒಪ್ಪಿಗೆ ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಕರಡು ಅಧಿಸೂಚನೆ ಹೊರಡುತ್ತದೆ, ಆಕ್ಷೇಪಣೆಗಳಿಗೆ ಗಡುವು ಕೊಡಲಾಗುತ್ತದೆ, ಗಡುವು ಮುಗಿದ ಮೇಲೆ ಅಂತಿಮ ಅಧಿಸೂಚನೆ ಬರುತ್ತದೆ. ಇಡೀ ಊರಿನ ಪರವಾಗಿ ಸಭೆ ಸೇರಿ ನಿರ್ಣಯ ಮಾಡಿದ ಚುನಾಯಿತ ಕೌನ್ಸಿಲ್ಲಿಗೂ ಅಂಚೆಯಲ್ಲಿ ಒಂದು ಅರ್ಜಿ ಕಳುಹಿಸಿದ ಒಬ್ಬ ನಿವಾಸಿಗೂ ಈ ಪ್ರಕ್ರಿಯೆಯಲ್ಲಿ ವ್ಯತ್ಯಾಸವಿಲ್ಲ.

ನ್ಯಾಯಾಲಯಗಳ ಬಾಗಿಲೂ ಅಗಲವಾಗಿ ತೆರೆದಿರಲಿಲ್ಲ. ಉತ್ತರ ಪ್ರದೇಶದ ತುಳಸೀಪುರ ಸಕ್ಕರೆ ಕಂಪನಿಯ ಮೊಕದ್ದಮೆಯಲ್ಲಿ (1980) ಸರ್ವೋಚ್ಚ ನ್ಯಾಯಾಲಯ, ಒಂದು ಪ್ರದೇಶವನ್ನು ಪಟ್ಟಣವೆಂದು ಘೋಷಿಸುವುದು ಶಾಸನ ರೂಪದ ಕಾರ್ಯ, ಅದಕ್ಕೆ ಪೂರ್ವ ವಿಚಾರಣೆ ಅನಿವಾರ್ಯವಲ್ಲ ಎಂದಿತು. ಹಿಮಾಚಲ ಪ್ರದೇಶದ ಬಲದೇವ ಸಿಂಗ್ ಮೊಕದ್ದಮೆಯಲ್ಲಿ (1987) ಧಾಟಿ ತುಸು ಬದಲಾಯಿತು: ಹಳ್ಳಿಯನ್ನು ನಗರದ ಆಡಳಿತಕ್ಕೆ ಸೇರಿಸಿದಾಗ ತೆರಿಗೆಯ ಹೊರೆ ಬೀಳುವುದರಿಂದ ಹಳ್ಳಿಗರ ಮಾತನ್ನು ಕೇಳಬೇಕು ಎಂಬ ತೀರ್ಮಾನ ಬಂತು. ಎರಡೇ ವರ್ಷಗಳಲ್ಲಿ, 1989ರಲ್ಲಿ, ಮಹಾರಾಷ್ಟ್ರದ ಕಲ್ಯಾಣ ಮಹಾನಗರ ಪಾಲಿಕೆಯ ವಿವಾದದಲ್ಲಿ ನ್ಯಾಯಾಲಯ ಮತ್ತೆ ಹಳೆಯ ನಿಲುವಿಗೆ ಮರಳಿತು. ಶಾಸನ ಹೇಳಿದಷ್ಟು ಅವಕಾಶ ಕೊಟ್ಟರೆ ಸಾಕು, ಅದಕ್ಕೂ ಹೆಚ್ಚಿನದನ್ನು ನಿವಾಸಿಗಳು ಹಕ್ಕಾಗಿ ಕೇಳುವಂತಿಲ್ಲ.

ಕಲ್ಯಾಣದ ಪ್ರಕರಣದಲ್ಲಿ ಇನ್ನೊಂದು ಪಾಠವಿದೆ. 1982ರ ಕರಡಿನಲ್ಲಿ ಕಲ್ಯಾಣ, ಡೊಂಬಿವಲಿ, ಅಂಬರನಾಥಗಳ ಜೊತೆಗೆ ಉಲ್ಲಾಸನಗರವೂ ಇತ್ತು. ದೇಶ ವಿಭಜನೆಯ ಬಳಿಕ ಸಿಂಧಿ ನಿರಾಶ್ರಿತರು ಕಟ್ಟಿದ ಆ ಊರಿನವರು ಸಂಘಟಿತರಾಗಿ ಆಕ್ಷೇಪಿಸಿದರು, ನ್ಯಾಯಾಲಯಕ್ಕೂ ಹೋದರು. ಸರಕಾರ ಉಲ್ಲಾಸನಗರವನ್ನು ಕೈಬಿಟ್ಟು 1983ರಲ್ಲಿ ಉಳಿದವುಗಳನ್ನು ಮಾತ್ರ ಸೇರಿಸಿತು. ಕಾನೂನು ಅವರಿಗೆ ನೆರವಾಗಲಿಲ್ಲ. ಒಂದೇ ಸಮುದಾಯವಾಗಿ ಮತ ಹಾಕಬಲ್ಲ ಊರಿನ ರಾಜಕೀಯ ತೂಕ ನೆರವಾಯಿತು. ಅಂಥ ತೂಕವಿಲ್ಲದ ಹಳ್ಳಿಗಳ ಗತಿ ಏನು ಎಂಬುದು ಬೆಂಗಳೂರಿನಲ್ಲಿ ಗೊತ್ತಾಯಿತು.

1990ರ ದಶಕದ ನಡುವಿನಲ್ಲಿ ಬೆಂಗಳೂರಿನ ಸುತ್ತ ಏಳು ನಗರಸಭೆಗಳು ರೂಪುಗೊಂಡವು: ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ. ಇವುಗಳ ಜೊತೆಗೆ ಕೆಂಗೇರಿ ಪುರಸಭೆ. ಐ.ಟಿ. ಕಂಪನಿಗಳು, ಬಡಾವಣೆಗಳು, ಕಂದಾಯ ನಿವೇಶನಗಳು ನುಗ್ಗುತ್ತಿದ್ದ ಪ್ರದೇಶವಿದು. ಆದಾಯವಿತ್ತು, ಆದರೆ ನೀರಿರಲಿಲ್ಲ, ಒಳಚರಂಡಿ ಇರಲಿಲ್ಲ. ಈ ಎಂಟು ಸಂಸ್ಥೆಗಳ ಹೆಸರಿನಲ್ಲಿ ಕಾವೇರಿ ನೀರಿನ ಒಂದು ದೊಡ್ಡ ಯೋಜನೆ ಸಿದ್ಧವಾಯಿತು. 2005ರಲ್ಲಿ ಕರ್ನಾಟಕ ನೀರು ಮತ್ತು ನೈರ್ಮಲ್ಯ ಸಂಚಿತ ನಿಧಿಯ ಮೂಲಕ ನೂರು ಕೋಟಿ ರೂಪಾಯಿಯ ಬಾಂಡುಗಳನ್ನು ಮಾರುಕಟ್ಟೆಯಲ್ಲಿ ಮಾರಿ, ಅಮೆರಿಕದ ನೆರವು ಸಂಸ್ಥೆಯ ಭಾಗಶಃ ಖಾತರಿಯೊಂದಿಗೆ ಸಾಲ ಎತ್ತಲಾಯಿತು. ಪ್ರತಿ ಮನೆಯಿಂದ ಮುಂಗಡ ವಂತಿಗೆಯನ್ನೂ ಕೇಳಲಾಯಿತು. ನಲ್ಲಿ ಬರುವ ಮೊದಲೇ ಹಣ ಕೇಳಿದ್ದಕ್ಕೆ ಬಡಾವಣೆಗಳಲ್ಲಿ ಪ್ರತಿಭಟನೆಗಳಾದವು. ಈ ಎಂಟು ಸಂಸ್ಥೆಗಳು ಒಟ್ಟಾಗಿ ನಿಂತ ಪ್ರಸಂಗ ಇತಿಹಾಸದಲ್ಲಿ ಇದೊಂದೇ, ಅದೂ ಸಾಲಕ್ಕಾಗಿ. ಸಾಲ ಎತ್ತಿ ಎರಡು ವರ್ಷ ತುಂಬುವುದರೊಳಗೆ ಸಾಲಗಾರರೇ ಇಲ್ಲವಾದರು.

ಕಾಲಾನುಕ್ರಮವನ್ನು ಇಲ್ಲಿ ಸ್ವಲ್ಪ ಸೂಕ್ಷ್ಮವಾಗಿ ಗಮನಿಸಬೇಕು. 2006ರ ಅಕ್ಟೋಬರ್ 19ರಂದು ಸರ್ವೋಚ್ಚ ನ್ಯಾಯಾಲಯ ಅಹಮದಾಬಾದ್ ಮಹಾನಗರ ಪಾಲಿಕೆಗೆ ಸಂಬಂಧಿಸಿದ ಕಿಶನ್‌ಸಿಂಗ್ ತೋಮರ್ ಮೊಕದ್ದಮೆಯಲ್ಲಿ, ಪುರಸಭೆಗಳ ಐದು ವರ್ಷಗಳ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸುವುದು ಸಂವಿಧಾನದ ಕಡ್ಡಾಯ ಎಂದು ತೀರ್ಪಿತ್ತಿತು. ಹದಿನಾಲ್ಕು ದಿನಗಳ ಬಳಿಕ, ನವೆಂಬರ್ 2ರಂದು, ಎಚ್.ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರಕಾರ ಬೃಹತ್ ಬೆಂಗಳೂರಿನ ಕರಡು ಅಧಿಸೂಚನೆಯನ್ನು ಹೊರಡಿಸಿತು. ಅದೇ ತಿಂಗಳು ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್ಲಿನ ಅವಧಿ ಮುಗಿಯಿತು. 2007ರ ಜನವರಿ 16ರಂದು ಅಂತಿಮ ಅಧಿಸೂಚನೆ. ಎರಡೂವರೆ ತಿಂಗಳಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಒಂದೇ ಪಾಲಿಕೆಯೊಳಗೆ ಕರಗಿದವು. ಸುಮಾರು 226 ಚದರ ಕಿಲೋಮೀಟರಿನ ನಗರ ಏಳುನೂರು ಚದರ ಕಿಲೋಮೀಟರನ್ನು ಮೀರಿತು. ಅದೇ ವರ್ಷದ ಏಪ್ರಿಲಿನಲ್ಲಿ ಹೈದರಾಬಾದು ಹನ್ನೆರಡು ಪುರಸಭೆಗಳನ್ನು ಸೇರಿಸಿಕೊಂಡು ‘ಗ್ರೇಟರ್ ಹೈದರಾಬಾದ್’ ಆದದ್ದನ್ನು ನೋಡಿದರೆ, ಇದು ಒಂದು ರಾಜ್ಯದ ಆಲೋಚನೆಯಷ್ಟೇ ಆಗಿರಲಿಲ್ಲ, ಕಾಲದ ಗಾಳಿಯೂ ಹಾಗೆಯೇ ಬೀಸುತ್ತಿತ್ತು ಎಂದು ತೋರುತ್ತದೆ.

ವಿಲೀನದ ಪರವಾದ ವಾದಗಳು ಹುರುಳಿಲ್ಲದವೇನಲ್ಲ. ಮಳೆನೀರಿನ ಕಾಲುವೆ, ಕಸ, ರಸ್ತೆ ಯಾವುದೂ ಪುರಸಭೆಯ ಗಡಿಗೆ ಬಂದು ನಿಲ್ಲುವುದಿಲ್ಲ. ಬಡ ಪುರಸಭೆ ತಾನೊಂದೇ ದೊಡ್ಡ ಯೋಜನೆಗಳನ್ನು ಹೊರಲಾರದು. ಆದರೆ ವಿಲೀನವಾದವರು ಕೊಟ್ಟದ್ದೇನು, ಪಡೆದದ್ದೇನು ಎಂಬ ಲೆಕ್ಕವನ್ನೂ ಇಡಬೇಕು. 2006ರ ನವೆಂಬರಿನಲ್ಲಿ ಬಂದ ಆಡಳಿತಾಧಿಕಾರಿಯ ಆಳ್ವಿಕೆ ಮೂರು ವರ್ಷಗಳನ್ನು ಮೀರಿ ನಡೆಯಿತು. ವಾರ್ಡುಗಳ ಮರುವಿಂಗಡಣೆ, ಮೀಸಲಾತಿ, ಮೊಕದ್ದಮೆಗಳ ಹೆಸರಿನಲ್ಲಿ ಮುಂದೆ ಹೋದ ಚುನಾವಣೆ ಕೊನೆಗೆ ನಡೆದದ್ದು 2010ರ ಮಾರ್ಚ್ 28ರಂದು, 198 ವಾರ್ಡುಗಳಿಗೆ. ಹಳೆಯ ಸಭೆಗಳನ್ನು ಕಳೆದುಕೊಂಡ ಜನರಿಗೆ ಅಲ್ಲಿಯವರೆಗೆ ಹೊಸ ಸಭೆಯಲ್ಲಿ ಒಬ್ಬ ಪ್ರತಿನಿಧಿಯೂ ಇರಲಿಲ್ಲ. 1949–50ರಲ್ಲಿ ಆಗದ ಅನ್ಯಾಯವಿದು.

ಪ್ರಾತಿನಿಧ್ಯದ ಪ್ರಮಾಣವಂತೂ ಇನ್ನೂ ತೀಕ್ಷ್ಣ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆ ಪ್ರತಿ ನಾನೂರು ಜನಕ್ಕೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯನನ್ನು ಕೊಟ್ಟಿತ್ತು. 2011ರ ಗಣತಿಯಂತೆ ಪಾಲಿಕೆಯ ಜನಸಂಖ್ಯೆ 84 ಲಕ್ಷವನ್ನು ದಾಟಿತ್ತು. 198 ವಾರ್ಡುಗಳಿಗೆ ಹಂಚಿದರೆ ಒಬ್ಬ ಕಾರ್ಪೊರೇಟರಿಗೆ ನಲವತ್ತೆರಡು ಸಾವಿರಕ್ಕೂ ಮಿಕ್ಕ ಜನ. ಕೆರೆಯ ಏರಿ ಒಡೆದರೆ, ಬೀದಿದೀಪ ಆರಿದರೆ ಹೆಸರು ಹಿಡಿದು ಕೂಗಬಹುದಾದ ಸದಸ್ಯನ ಬದಲು ವಾರ್ಡು ಕಚೇರಿಯ ಸರತಿ ಸಾಲು ಬಂತು. ಗ್ರಾಮಸಭೆ ಎಂಬ ಸಂವಿಧಾನದತ್ತ ವೇದಿಕೆ ಹಳ್ಳಿಯ ಜೊತೆಗೇ ಹೋಯಿತು. 2005ರ ಗ್ರಾಮೀಣ ಉದ್ಯೋಗ ಖಾತರಿ ಶಾಸನ 2008ರ ಏಪ್ರಿಲಿನಲ್ಲಿ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೆ ವಿಸ್ತರಿಸುವ ಹೊತ್ತಿಗೆ ಈ 110 ಹಳ್ಳಿಗಳು ಕಾಗದದ ಮೇಲೆ ನಗರವಾಗಿದ್ದವು. ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಹಕ್ಕು ಕೈಗೆ ಬರುವ ಮೊದಲೇ ಬಾಗಿಲು ಮುಚ್ಚಿತ್ತು. ಇನ್ನು ನೀರು. ವಿಲೀನದ ಪ್ರಧಾನ ಭರವಸೆಯಾಗಿದ್ದ ಕಾವೇರಿ ಈ ಹಳ್ಳಿಗಳನ್ನು ಉದ್ದೇಶಿಸಿ ಹರಿದದ್ದು ಐದನೆಯ ಹಂತದ ಯೋಜನೆಯಲ್ಲಿ. ದಿನಕ್ಕೆ 775 ದಶಲಕ್ಷ ಲೀಟರಿನ ಆ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಅಂತಿಮ ಅಧಿಸೂಚನೆಯಿಂದ ಲೆಕ್ಕ ಹಾಕಿದರೆ ಹದಿನೇಳು ವರ್ಷ ಒಂಬತ್ತು ತಿಂಗಳು.

ವಿಲೀನಕ್ಕೆ ಕೌನ್ಸಿಲ್ಲಿನ ಒಪ್ಪಿಗೆ ಬೇಕೆಂಬುದು ಆಕಾಶದ ಹೂವಲ್ಲ. ಜಪಾನಿನಲ್ಲಿ ಆಯಾ ಸ್ಥಳೀಯ ಸಭೆಯ ನಿರ್ಣಯವಿಲ್ಲದೆ ವಿಲೀನ ಸಾಧ್ಯವಿಲ್ಲ. 1999ರಲ್ಲಿ 3,232 ಇದ್ದ ಅಲ್ಲಿನ ಪುರಸಭೆಗಳು ಕೇಂದ್ರ ಸರಕಾರದ ಒತ್ತಾಸೆ, ಆಮಿಷಗಳಿಂದ 2010ರ ವೇಳೆಗೆ 1,727ಕ್ಕೆ ಇಳಿದವು. ಆದರೆ ಫುಕುಶಿಮಾ ಪ್ರಾಂತದ ಯಮಾತ್ಸುರಿ ಎಂಬ ಸಣ್ಣ ಪಟ್ಟಣದ ಸಭೆ 2001ರ ಅಕ್ಟೋಬರಿನಲ್ಲಿ ತಾನು ಯಾರೊಡನೆಯೂ ಸೇರುವುದಿಲ್ಲವೆಂದು ಘೋಷಿಸಿ, ತನ್ನ ಖರ್ಚನ್ನು ತಾನೇ ಕಡಿತಗೊಳಿಸಿಕೊಂಡು ಉಳಿಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ್ದು ಇದಕ್ಕೆ ವಿರುದ್ಧ ಮಾದರಿ. ಅಲ್ಲಿ 2007ರಲ್ಲಿ 157 ಕೌನ್ಸಿಲ್ಲುಗಳನ್ನು 73ಕ್ಕೆ ಇಳಿಸಲಾಯಿತು. ಸರಕಾರ ಬದಲಾದ ಮೇಲೆ 2013ರಲ್ಲಿ ನಡೆದ ಜನಮತದಲ್ಲಿ ನೂಸಾ, ಡಗ್ಲಸ್, ಲಿವಿಂಗ್‌ಸ್ಟನ್, ಮರೀಬಾ ಎಂಬ ನಾಲ್ಕು ಊರುಗಳು ಬೇರ್ಪಡುವುದನ್ನು ಆರಿಸಿಕೊಂಡು 2014ರ ಜನವರಿಯಲ್ಲಿ ತಮ್ಮ ಕೌನ್ಸಿಲ್ಲುಗಳನ್ನು ಮರಳಿ ಪಡೆದವು; ಬೇರ್ಪಡುವ ಖರ್ಚನ್ನು ತಾವೇ ಹೊರುವ ಷರತ್ತಿಗೂ ಒಪ್ಪಿದರು.

ಬೆಂಗಳೂರಿನಲ್ಲಿ ಬೇರ್ಪಡುವಿಕೆಯೂ ವಿಲೀನದಂತೆಯೇ ಮೇಲಿನಿಂದ ಬಂತು. ಬೃಹತ್ ಪಾಲಿಕೆಯ ಕೊನೆಯ ಚುನಾಯಿತ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆ ಬಳಿಕ ಅದಕ್ಕೆ ಚುನಾವಣೆ ನಡೆಯಲೇ ಇಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ 2025ರ ಮೇ 15ರಂದು ಜಾರಿಗೆ ಬಂದು, ಸೆಪ್ಟೆಂಬರ್ 2ರಂದು ಆ ಪಾಲಿಕೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳಾಗಿ ಒಡೆಯಿತು. ಹುಟ್ಟುವಾಗ ಕೌನ್ಸಿಲ್ ಇಲ್ಲದಿದ್ದ ಸಂಸ್ಥೆ ಕೊನೆಗೊಳ್ಳುವಾಗಲೂ ಕೌನ್ಸಿಲ್ ಇಲ್ಲದೆಯೇ ಕೊನೆಗೊಂಡಿತು. ತನ್ನ ವಿಭಜನೆಯ ಬಗ್ಗೆ ಒಂದು ನಿರ್ಣಯ ಮಾಡಲು ಅದರಲ್ಲಿ ಸದಸ್ಯರೇ ಇರಲಿಲ್ಲ. ಹೊಸ ನಕ್ಷೆಯಲ್ಲಿ ಚಿಕ್ಕಪೇಟೆ, ಗಾಂಧಿನಗರ, ಚಾಮರಾಜಪೇಟೆಗಳು ಶಿವಾಜಿನಗರ, ಶಾಂತಿನಗರಗಳೊಡನೆ ಕೇಂದ್ರ ಪಾಲಿಕೆಯಲ್ಲಿವೆ. ಅಂದರೆ 1949ರಲ್ಲಿ ಕೂಡಿದ ಪೇಟೆ ಮತ್ತು ದಂಡು ಈಗಲೂ ಕೂಡಿಯೇ ಇವೆ. ಬೇರೆಯಾದದ್ದು 2007ರಲ್ಲಿ ಸೇರಿಸಿದ ಅಂಚು. ಪೂರ್ವ ಪಾಲಿಕೆಗೆ ದೊರೆತದ್ದು ಎರಡೇ ವಿಧಾನಸಭಾ ಕ್ಷೇತ್ರಗಳ ನೆಲ, ಕೃಷ್ಣರಾಜಪುರ ಮತ್ತು ಮಹದೇವಪುರ. ಹದಿನೆಂಟು ವರ್ಷಗಳ ಹಿಂದೆ ಅಧಿಸೂಚನೆಯೊಂದರಲ್ಲಿ ಮರೆಯಾದ ಎರಡು ನಗರಸಭೆಗಳ ಹೆಸರುಗಳೂ ಅವೇ.